ಸವೆಯದ ತೋಳು

ಗುಂಡಿ ಅತ್ತೆಯ ಕೈಗೆ ಒಂದು ಹಳೆಯ ಅಂಗಿ ಸಿಕ್ಕರೆ ಸಾಕು, ತೊಟ್ಟವರ ಜಾತಕವನ್ನೆಲ್ಲ ಓದಿಬಿಡುತ್ತಿದ್ದಳು. ಬಲ ಮೊಣಕೈ ನುಣ್ಣಗಾಗಿದ್ದರೆ ಮೇಜಿಗೆ ಒರಗಿ ಬರೆಯುವ ಗುಮಾಸ್ತ. ಒಂದು ಭುಜದ ಹೊಲಿಗೆ ಮಾತ್ರ ಬಿಟ್ಟಿದ್ದರೆ ಭಾರದ ಚೀಲ ಹೊರುವವನು. ಹೊಟ್ಟೆಯ ಮೇಲಿನ ಗುಂಡಿ ತಿಂಗಳಿಗೊಮ್ಮೆ ಕಿತ್ತು ಬರುತ್ತಿದ್ದರೆ, ಯಜಮಾನರು ದಪ್ಪಗಾಗಿದ್ದಾರೆ, ಒಪ್ಪಿಕೊಳ್ಳುವುದಕ್ಕೆ ಮಾತ್ರ ಇನ್ನೂ ಮನಸ್ಸು ಬಂದಿಲ್ಲ. ಅಂಥವರಿಗೆ ಅವಳು ಏನೂ ಹೇಳದೆ ಗುಂಡಿಯನ್ನು ಅರ್ಧ ಇಂಚು ಆಚೆ ಹೊಲಿದು ಕೊಡುತ್ತಿದ್ದಳು. ಅವರು ಮರುದಿನ ಕನ್ನಡಿ ಮುಂದೆ ನಿಂತು, ಪರವಾಗಿಲ್ಲ, ಸ್ವಲ್ಪ ಇಳಿದಿದ್ದೇನೆ ಅಂದುಕೊಳ್ಳುತ್ತಿದ್ದರು.

ಅವಳಿಗೆ ಆಗ ಅರವತ್ತೆಂಟು. ತಮ್ಮನ ಟೈಲರಿಂಗ್ ಅಂಗಡಿಯ ಹಿಂಬದಿ ಕಿಟಕಿಯ ಪಕ್ಕ ಅವಳದೊಂದು ಕುರ್ಚಿ, ಒಂದು ಸಣ್ಣ ಮೇಜು, ಮೇಜಿನ ಮೇಲೆ ಬಿಸ್ಕತ್ತಿನ ಹಳೇ ಡಬ್ಬ. ಡಬ್ಬದ ತುಂಬ ಗುಂಡಿ. ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು, ಅಂಚು ಮಡಿಸುವುದು, ಹರಿದದ್ದನ್ನು ರಫು ಮಾಡುವುದು, ಇಷ್ಟು ಅವಳ ಪಾಲಿನ ಕೆಲಸ. ಅಪ್ಪ ಅಂಗಡಿ ನಡೆಸುತ್ತಿದ್ದ ಕಾಲದಲ್ಲಿ, ಇಪ್ಪತ್ತನೇ ವಯಸ್ಸಿಗೆ ಆ ಕುರ್ಚಿಯಲ್ಲಿ ಕೂತವಳು ಕುರ್ಚಿಯ ಸೀಟನ್ನು ನಾಲ್ಕು ಸಲ ಬದಲಾಯಿಸಿದ್ದಳೇ ಹೊರತು ಜಾಗ ಬದಲಾಯಿಸಿರಲಿಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಬಂದ ಗಂಡುಗಳಲ್ಲಿ ಒಂದೂ ಅಳತೆಗೆ ಸರಿಹೋಗ್ಲಿಲ್ಲ. ಆಲ್ಟರ್ ಮಾಡ್ತೀನಿ ಅಂದ್ರೆ ಅವರು ಒಪ್ಪಲಿಲ್ಲ" ಅನ್ನುತ್ತಿದ್ದಳು. ಕೇಳಿದವರು ಎರಡನೇ ಸಲ ಕೇಳುತ್ತಿರಲಿಲ್ಲ.

ಬಟ್ಟೆಯನ್ನು ಇಷ್ಟು ಓದಿದರೂ ಓದಿದ್ದನ್ನು ಬಾಯಿಬಿಟ್ಟು ಹೇಳುವವರ ಪೈಕಿ ಅವಳಲ್ಲ. ಅದಕ್ಕೊಂದು ಕಾರಣವಿತ್ತು. ಇಪ್ಪತ್ತಮೂರರ ಹುರುಪಿನಲ್ಲಿ ಒಮ್ಮೆ ಹೇಳಿಬಿಟ್ಟಿದ್ದಳು. ಒಬ್ಬಾಕೆ ಗಂಡನ ಕೋಟು ತಂದಿದ್ದಳು. "ಈ ಮೂರನೇ ಗುಂಡಿ ನಿಮ್ಮ ಕೈಯದಲ್ಲ, ನಮ್ಮ ಅಂಗಡಿಯದೂ ಅಲ್ಲ. ಯಾರೋ ತುಂಬ ಪ್ರೀತಿಯಿಂದ ಹಚ್ಚಿದ್ದಾರೆ ನೋಡಿ" ಎಂದು ಜಂಭದಿಂದ ತೋರಿಸಿದಳು. ಆಕೆ ಕೋಟನ್ನು ಅಲ್ಲೇ ಬಿಟ್ಟು ನೆಟ್ಟಗೆ ತವರಿಗೆ ಹೋದಳು. ಮೂರು ತಿಂಗಳು ವಾಪಸು ಬರಲಿಲ್ಲ. ಕೊನೆಗೆ ತಿಳಿದದ್ದು, ಆ ಗುಂಡಿ ಹಚ್ಚಿದ್ದು ಆ ಮನುಷ್ಯನ ಮುದಿ ತಾಯಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅತ್ತೆ ಬಾಯಿಗೆ ಬೀಗ ಹಾಕಿಕೊಂಡಳು. ಬಟ್ಟೆ ಹೇಳಿದ್ದು ಬಟ್ಟೆಯಲ್ಲೇ ಇರಲಿ ಎನ್ನುವುದು ಅವಳ ಕಾನೂನಾಯಿತು.

ತಮ್ಮನನ್ನು ಬೀದಿಯೆಲ್ಲ ಮಾಸ್ಟರ್ ಎಂದು ಕರೆಯುತ್ತಿತ್ತು. ಅಕ್ಕನಿಗಿಂತ ಹತ್ತು ವರ್ಷ ಚಿಕ್ಕವನು, ಅವಳ ಸೊಂಟದ ಮೇಲೆಯೇ ಬೆಳೆದವನು. ಎಡಚ. ಅವರ ಅಪ್ಪನೂ ಎಡಚ, ಅಪ್ಪನ ಅಪ್ಪನೂ ಎಡಚನೇ ಅಂತೆ. ಅಪ್ಪನಿಂದ ಬಂದ ಎಡಗೈ ಕತ್ತರಿಯೊಂದು ಮಾಸ್ಟರನ ಹತ್ತಿರ ಇತ್ತು. ಬಲಗೈಯವರು ಅದನ್ನು ಹಿಡಿದರೆ ಬಟ್ಟೆ ಕತ್ತರಿಸುವುದಿಲ್ಲ, ಹಲ್ಲಿಲ್ಲದ ಮುದುಕರ ಹಾಗೆ ಮಡಚಿ ಅಗಿಯುತ್ತದೆ. ಮಾಸ್ಟರನ ಒಬ್ಬನೇ ಮಗ ಬಲಗೈಯವನಾಗಿ ಹುಟ್ಟಿ, ಕತ್ತರಿಯ ಗೋಜಿಗೇ ಹೋಗದೆ ಫ್ರಿಜ್ ರಿಪೇರಿ ಕಲಿತ. "ಹುಟ್ಟುಗುಣ, ಅವನಾದ್ರೂ ಏನ್ ಮಾಡ್ತಾನೆ ಪಾಪ" ಎಂದು ಮಾಸ್ಟರ್ ಕ್ಷಮಿಸುವವನ ಧಾಟಿಯಲ್ಲಿ ಹೇಳುತ್ತಿದ್ದ. ಹೆಂಡತಿ ತೀರಿಕೊಂಡ ಮೇಲಂತೂ ಆ ಕತ್ತರಿಗೆ ಯಾರು ದಿಕ್ಕು ಎನ್ನುವುದೇ ಅವನ ದೊಡ್ಡ ಚಿಂತೆ.

ಹಾಗಿರುವಾಗ ಮೊಮ್ಮಗಳು ಹುಟ್ಟಿದಳು. ತಿಂಗಳು ತುಂಬಿ, ತೂಕ ತುಂಬಿ, ಬೀದಿಗೆಲ್ಲ ಕೇಳುವ ಹಾಗೆ ಅತ್ತು ಹುಟ್ಟಿದ ಮಗು. ನಾಲ್ಕು ತಿಂಗಳು ಕಳೆದ ಮೇಲೆ ಒಂದು ದಿನ ಅಜ್ಜನ ಕೊರಳಲ್ಲಿ ತೂಗುತ್ತಿದ್ದ ಅಳತೆ ಟೇಪನ್ನು ಗಬಕ್ಕನೆ ಹಿಡಿದು ಬಾಯಿಗಿಟ್ಟುಕೊಂಡಳು. ಹಿಡಿದದ್ದು ಎಡಗೈಯಲ್ಲಿ. ಮಾಸ್ಟರ್ ಟೇಪನ್ನು ಬಿಡಿಸಿ ಬಲಗಡೆಯಿಂದ ತೋರಿಸಿದ. ಮಗು ಎಡಗೈಯನ್ನೇ ಅಡ್ಡ ತಂದು ಹಿಡಿಯಿತು. ಮತ್ತೆ ತೋರಿಸಿದ, ಮತ್ತೆ ಎಡಗೈ.

"ಎಡಚಿ! ಅಕ್ಕಾ, ನಮ್ಮನೆಗೆ ಎಡಚಿ ಬಂದ್ಲು!"

ಅವತ್ತಿಂದ ಮಗುವಿನ ಹೆಸರು ಚಿಕ್ಕ ಮಾಸ್ಟರ್. ಅಳತೆ ಕೊಡಲು ಬಂದವರು ತೋಳು ಚಾಚಿ ನಿಂತಿದ್ದರೆ, ಮಾಸ್ಟರ್ ಅಳತೆ ಮರೆತು ಮೊಮ್ಮಗಳ ಎಡಗೈ ಪುರಾಣ ಶುರು ಮಾಡುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಅಜ್ಜಂದಿರ ಮುದ್ದಿಗೆ ಇನ್ನೂ ಗಾದೆ ಹುಟ್ಟಿಲ್ಲ. ಆ ವಾರ ಮೂವರ ಪ್ಯಾಂಟು ಎರಡೆರಡು ಇಂಚು ಗಿಡ್ಡ ಬಂತು.

ಮಗುವಿಗೆ ಐದು ತಿಂಗಳಾದಾಗ ಅದರ ಅಮ್ಮ ಕನ್ನಡಕದ ಅಂಗಡಿಯ ಕೆಲಸಕ್ಕೆ ಮರಳಿದಳು. ಮನೆ ಇದ್ದದ್ದು ಅಂಗಡಿಯ ಮೇಲಿನ ಮಹಡಿಯಲ್ಲಿ. ಬೆಳಿಗ್ಗೆ ಅವಳು ಮಗುವನ್ನು ಕೆಳಗೆ ತಂದು ಅತ್ತೆಯ ಕುರ್ಚಿಯ ಬಳಿ ದಪ್ಪ ಹಾಸಿನ ಮೇಲೆ ಮಲಗಿಸಿ ಹೋಗುತ್ತಿದ್ದಳು. ಹೀಗೆ ಎಂಟು ಪುಟ್ಟ ಅಂಗಿಗಳು ಗುಂಡಿ ಅತ್ತೆಯ ಕಣ್ಣಿಗೆ ಬಿದ್ದವು. ಒಂದೇ ತಾನಿನಿಂದ ಅಜ್ಜನೇ ಹೊಲಿದ ಉದ್ದ ತೋಳಿನ ಅಂಗಿಗಳು, ಎರಡು ತಿಂಗಳಿಂದ ಸರದಿಯಲ್ಲಿ ತೊಟ್ಟು ಒಗೆದವು. ಎಡತೋಳಿನ ಅಂಚು ಎಂಟರಲ್ಲೂ ಕಚ್ಚಿ, ಚೀಪಿ, ನಾರುನಾರಾಗಿತ್ತು. ಬಲತೋಳಿನ ಅಂಚು ಎಂಟರಲ್ಲೂ ಹೊಸದಾಗಿತ್ತು.

ಎಡಚಿ ತಾನೇ, ಸರಿಯಾಗೇ ಇದೆ ಎಂದುಕೊಂಡು ಅತ್ತೆ ಸೂಜಿಗೆ ದಾರ ಹಾಕಿದಳು. ಆದರೆ ಹೊಲಿಯುವಾಗ ಕೈ ನಿಂತಿತು. ಎಡಚರ ಅಂಗಿಗಳನ್ನು ಅವಳು ಹುಟ್ಟಿದಾಗಿನಿಂದ ನೋಡಿದವಳು. ಅವರ ಎಡತೋಳು ಬೇಗ ಸವೆಯುತ್ತದೆ, ನಿಜ. ಬಲತೋಳು ನಿಧಾನಕ್ಕೆ ಸವೆಯುತ್ತದೆ. ಸವೆಯದೆ ಇರುವುದಿಲ್ಲ.

ಅಲ್ಲಿಂದ ಅವಳ ಕಣ್ಣು ಬಟ್ಟೆಯಿಂದ ಮಗುವಿಗೆ ಹೋಯಿತು. ಅಂಗಿ ತೊಡಿಸುವಾಗ ಎಡಗೈ ಮೀನಿನ ಹಾಗೆ ತೋಳಿನೊಳಗೆ ಜಾರುತ್ತಿತ್ತು, ಬಲಗೈಯನ್ನು ಮಾತ್ರ ಓಲೈಸಿ ಓಲೈಸಿ ತೂರಿಸಬೇಕಿತ್ತು. ಮೊಣಕೈ ಮಡಿಸಿಕೊಂಡೇ ಇರುತ್ತಿತ್ತು. ಬಲ ಮುಷ್ಟಿಯನ್ನು ಬಿಡಿಸಿದರೆ ಹೆಬ್ಬೆರಳು ಒಳಗೆ ಅಡಗಿ ಕೂತಿರುತ್ತಿತ್ತು, ಅಂಗೈ ಗೆರೆಯಲ್ಲಿ ನಿನ್ನೆಯ ಹತ್ತಿಯ ನಾರು ಹಾಗೇ ಇರುತ್ತಿತ್ತು. ಎಡಗಾಲಿನ ಸಾಕ್ಸು ದಿನಕ್ಕೆ ಹತ್ತು ಸಲ ಒದೆದು ಹಾರಿಹೋಗುತ್ತಿತ್ತು. ಬಲಗಾಲಿನದು ಬೆಳಿಗ್ಗೆ ಹಾಕಿದ್ದು ಸಂಜೆವರೆಗೂ ಒಳ್ಳೇ ಹುಡುಗಿಯ ಹಾಗೆ ಕಾಲಲ್ಲೇ ಇರುತ್ತಿತ್ತು.

ಒಂದು ಮಧ್ಯಾಹ್ನ ಅವಳು ಮಗುವಿನ ಎಡಗೈಯನ್ನು ತನ್ನ ಕೈಯಲ್ಲಿ ಮೆತ್ತಗೆ ಹಿಡಿದುಕೊಂಡು, ದಾರ ಮುಗಿದ ದೊಡ್ಡ ಉರುಳೆಯೊಂದನ್ನು ಎದುರಿಗೆ ತೂಗಿಸಿದಳು. ಮಗುವಿನ ಕಣ್ಣು ಅರಳಿತು. ಬಲಭುಜ ಸ್ವಲ್ಪ ಎದ್ದಿತು, ಮುಷ್ಟಿ ಅಲ್ಲಾಡಿತು, ಬೆರಳು ಬಿಚ್ಚಲಿಲ್ಲ. ಮಗು ಉರುಳೆಯನ್ನು ನೋಡಿತು, ಅತ್ತೆಯನ್ನು ನೋಡಿತು, ತುಟಿ ಸೊಟ್ಟ ಮಾಡಿಕೊಂಡು ಅಳಲು ಶುರುಮಾಡಿತು. ಅತ್ತೆ ಕೂಡಲೇ ಎತ್ತಿಕೊಂಡು ಬೆನ್ನು ತಟ್ಟುತ್ತಾ, "ಇಲ್ಲ ಕಂದ, ಇನ್ಮೇಲೆ ಹಿಡ್ಕೊಳಲ್ಲ" ಎಂದಳು. ಮುಂದೆ ಆ ಮಾತನ್ನು ಮುರಿಯಬೇಕಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಒಂಬತ್ತು ದಿನ ಅವಳು ಬಾಯಿ ತೆರೆಯಲಿಲ್ಲ. ಇದನ್ನು ಹೇಳದೆ ಮುಚ್ಚಿಟ್ಟರೆ ಅವಳ ಬಗ್ಗೆ ಸುಳ್ಳು ಹೇಳಿದ ಹಾಗಾಗುತ್ತದೆ. ತಪ್ಪಾಗಿದ್ದರೆ? ಮೂರನೇ ಗುಂಡಿಯ ಹಾಗೆ ಇದೂ ಆದರೆ? ಐವತ್ತೆಂಟರ ಹರೆಯದಲ್ಲಿ ಮೊದಲ ಬಾರಿ ಕುಣಿಯುತ್ತಿರುವ ತಮ್ಮನ ಮುಖಕ್ಕೆ ತಣ್ಣೀರು ಎರಚಬೇಕೆ? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಯೋಚಿಸಿದಷ್ಟೇ ಅವಳೂ ಯೋಚಿಸಿದಳು.

ಹತ್ತನೇ ದಿನ ಬೆಳಿಗ್ಗೆ ಸೊಸೆ ಮಗುವನ್ನು ಮಲಗಿಸಿ ಹೊರಡುವಾಗ ಅತ್ತೆ ಅವಳ ಮುಖ ನೋಡದೆ ಕೇಳಿದಳು. "ಚುಚ್ಚುಮದ್ದಿಗೆ ಹೋಗಿದ್ಯಲ್ಲ, ಡಾಕ್ಟರು ಏನಾದ್ರೂ ಅಂದ್ರಾ?"

ಸೊಸೆ ಬಾಗಿಲಲ್ಲೇ ನಿಂತಳು. ಭುಜದಿಂದ ಚೀಲ ಕೆಳಗಿಳಿಯಿತು.

"ನಾನೇ ಕೇಳ್ದೆ ಅತ್ತೆ. ಬಲಗೈ ಮುಚ್ಕೊಂಡೇ ಇರ್ತಾಳೆ ಅಂದೆ. ತೂಕ ಚೆನ್ನಾಗಿದೆ, ನಗ್ತಾಳೆ, ಎಲ್ಲ ಮಕ್ಕಳೂ ಒಂದೇ ಥರ ಇರಲ್ಲ, ವರ್ಷ ತುಂಬಲಿ ನೋಡೋಣ ಅಂದ್ರು. ಮನೆಗೆ ಬಂದ್ರೆ ಮಾವ ಅಷ್ಟು ಖುಷಿಯಾಗಿದ್ರು. ನಾನು ಏನಂತ ಹೇಳ್ಲಿ?"

"ನಿಂಗೂ ಕಾಣಿಸ್ತಾ?"

"ಹೆತ್ತವಳಿಗೆ ಕಾಣಲ್ವಾ ಅತ್ತೆ?" ಎಂದು ಅವಳು ಕಣ್ಣೊರೆಸಿಕೊಂಡಳು. "ಒಬ್ಬಳೇ ನೋಡ್ತಿದೀನಿ ಅಂದ್ಕೊಂಡಿದ್ದೆ."

ಗುಂಡಿ ಅತ್ತೆಗೆ ನಾಚಿಕೆಯಾಯಿತು. ಒಂದೇ ಸೂರಿನ ಕೆಳಗೆ ಇಬ್ಬರು ಹೆಂಗಸರು, ಒಬ್ಬ ಗಂಡಸಿನ ಸಂತೋಷ ಕೆಡಬಾರದೆಂದು, ಒಂದೇ ಭಯವನ್ನು ಬೇರೆಬೇರೆ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದರು. "ನೀನು ಕೆಲಸಕ್ಕೆ ಹೋಗು, ಫೋನ್ ಹತ್ರ ಇಟ್ಕೊಂಡಿರು. ಇವತ್ತು ನಾನು ಮಾತಾಡ್ತೀನಿ" ಎಂದಳು.

ಮಧ್ಯಾಹ್ನ ಊಟದ ಹೊತ್ತಿಗೆ ಮಾಸ್ಟರ್ ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಕೈ ತೊಳೆದು ಬಂದ. ಕತ್ತರಿಸುವ ದೊಡ್ಡ ಮೇಜಿನ ಮೇಲೆ ಎಂಟು ಪುಟ್ಟ ಅಂಗಿಗಳು ಸಾಲಾಗಿ ತೋಳು ಚಾಚಿ ಮಲಗಿದ್ದವು.

"ಇದೇನಕ್ಕ, ಅಂಗಡಿ ಒಳಗೊಂದು ಅಂಗಡಿ?"

"ಓದು."

"ಏನು ಓದೋದು?"

"ನೀನೂ ಟೈಲರ್ ತಾನೇ? ಓದು ಅಂದೆ."

ಮಾಸ್ಟರ್ ಕನ್ನಡಕ ಮೂಗಿಗಿಳಿಸಿ ಬಾಗಿದ. ಎಡತೋಳುಗಳನ್ನು ನೋಡಿ ಮುಖ ಅರಳಿತು. "ಕಚ್ಚಿ ಹಾಕಿದ್ದಾಳೆ ಕಳ್ಳಿ. ಎಂಟಕ್ಕೂ ಹೊಸ ಅಂಚು ಕೊಡ್ಬೇಕು."

"ಬಲಗಡೆ?"

"ಬಲಗಡೆ ಚೆನ್ನಾಗಿದೆ."

"ಎಷ್ಟು ಚೆನ್ನಾಗಿದೆ?"

ಅವನು ಒಂದನ್ನು ಮುಟ್ಟಿದ, ಇನ್ನೊಂದನ್ನು ಮುಟ್ಟಿದ. "ಹೊಸದರ ಹಾಗಿದೆ."

"ಎರಡು ತಿಂಗಳು ತೊಟ್ಟ ಅಂಗಿ. ಒಂದು ತೋಳು ಹೊಸದರ ಹಾಗೇ ಇರೋದು ಯಾವಾಗ?"

ಅವರ ಅಂಗಡಿಗೆ ಬರುವ ಒಂದು ಕೈಯ ಕಾವಲುಗಾರನ ಅಂಗಿಗಳು ಇಬ್ಬರಿಗೂ ಏಕಕಾಲಕ್ಕೆ ನೆನಪಾಗಿದ್ದವು. ಆಮೇಲೆ ಮಾಸ್ಟರನಿಗೆ ಕೋಪ ನೆತ್ತಿಗೇರಿತು. ಕೋಪ ಬಂದದ್ದು ಒಳ್ಳೆಯದೇ, ಅರ್ಥವಾಗದವರಿಗೆ ಕೋಪ ಬರುವುದಿಲ್ಲ.

"ಬಾಯಿ ಮುಚ್ಚಕ್ಕ! ಎಡಚರ ಮನೇಲಿ ಎಡಚಿ ಹುಟ್ಟಿದ್ದು ನಿಂಗ್ಯಾಕೆ ಕಣ್ಣು ಚುಚ್ತಿದೆ? ಕೋಟಿನ ಗುಂಡಿ ನೋಡಿ ಒಂದು ಸಂಸಾರಕ್ಕೆ ಬೆಂಕಿ ಹಚ್ಚಿದ್ದು ಸಾಲ್ಲಿಲ್ವಾ?"

ನಲವತ್ತೈದು ವರ್ಷದಲ್ಲಿ ಅವನು ಆ ಮಾತನ್ನು ಎತ್ತಿದ್ದು ಅದೇ ಮೊದಲು. ಅತ್ತೆಗೆ ಚುರ್ರೆಂದಿತು. ಆದರೆ ಅವಳು ಅಳುವುದಕ್ಕೆ ಹೋಗಲಿಲ್ಲ. ತನ್ನ ಮೇಜಿನಿಂದ ಬಿಸ್ಕತ್ತಿನ ಡಬ್ಬ ತಂದು ಗುಂಡಿಗಳನ್ನೆಲ್ಲ ಮೇಜಿನ ಮೇಲೆ ಸುರಿದಳು. ಡಬ್ಬದ ತಳದಲ್ಲಿ ಕಾಗದದಲ್ಲಿ ಸುತ್ತಿಟ್ಟಿದ್ದ ಒಂದು ಅಂಗಿ ಇತ್ತು. ಹಳದಿಗಟ್ಟಿದ, ಅಂಗೈಯಗಲದ ಅಂಗಿ. ಅದನ್ನು ಎಂಟರ ಪಕ್ಕ ಒಂಬತ್ತನೆಯದಾಗಿ ಹಾಸಿದಳು.

"ಇದು ಯಾರದು?"

"ನಿಂದು. ಆರು ತಿಂಗಳಿದ್ದಾಗಿಂದು. ಹತ್ತು ವರ್ಷದ ಹುಡುಗಿ ನಾನು, ಮೊದಲನೇ ಸಲ ಗುಂಡಿ ಹಚ್ಚಿದ್ದು, ಮೊದಲನೇ ಸಲ ರಫು ಮಾಡಿದ್ದು ಇದಕ್ಕೇ. ಅದಕ್ಕೇ ಇಟ್ಕೊಂಡಿದ್ದೆ. ನೋಡು, ಎಲ್ಲಿ ರಫು ಮಾಡಿದೀನಿ ನೋಡು."

ಮಾಸ್ಟರ್ ನೋಡಿದ. ಎಡತೋಳಿನ ಅಂಚಿನಲ್ಲಿ ಮಕ್ಕಳ ಕೈಯ ಡೊಂಕು ಹೊಲಿಗೆ. ಬಲತೋಳಿನ ಅಂಚಿನಲ್ಲಿಯೂ ಅಷ್ಟೇ ಡೊಂಕು ಹೊಲಿಗೆ.

"ನೀನು ಎಡಚನೇ ಕಣೋ. ನಿನಗಿಂತ ಎಡಚ ಯಾರಿದ್ದಾರೆ? ಆದ್ರೆ ಆ ವಯಸ್ಸಲ್ಲಿ ಎರಡೂ ಕೈ ತಿಂದು ಹಾಕಿದ್ದೆ ನೀನು. ಈ ಮಗು ಎಡಗೈಯನ್ನ ಆರಿಸ್ಕೊಂಡಿಲ್ಲ. ಅದಕ್ಕೆ ಇನ್ನೊಂದು ಕೈ ಸಿಕ್ತಿಲ್ಲ."

ಅವನು ಒಂಬತ್ತು ಅಂಗಿಗಳ ಬಲತೋಳಿನ ಮೇಲೂ ಒಂದೊಂದಾಗಿ ಬೆರಳಾಡಿಸಿದ. ಕೊನೆಯದರ ಹತ್ತಿರ ಬಂದಾಗ ಕುರ್ಚಿ ಎಳೆದುಕೊಂಡು ಕೂತುಬಿಟ್ಟ. ಹಾಸಿನ ಮೇಲೆ ಚಿಕ್ಕ ಮಾಸ್ಟರ್ ಎಡಗಾಲಿನ ಸಾಕ್ಸನ್ನು ಒದೆದು ಹಾರಿಸಿ ತನ್ನಷ್ಟಕ್ಕೆ ನಗುತ್ತಿದ್ದಳು. ಮಾಸ್ಟರ್ ಬಹಳ ಹೊತ್ತು ಅವಳ ಬಲಗಾಲನ್ನು ನೋಡಿದ.

"ನಾಳೆ ಹೋಗೋದಾ?" ಎಂದು ಅತ್ತೆ ಕೇಳಿದಳು.

"ನಾಳೆ ಯಾಕೆ?" ಎಂದ ಅವನು. ಊಟದ ತಟ್ಟೆ ಹಾಗೇ ಮುಚ್ಚಿಟ್ಟು ಅಂಗಡಿಯ ಶಟರ್ ಎಳೆದ. ಮಗನಿಗೂ ಸೊಸೆಗೂ ಫೋನು ಹೋಯಿತು.

ದೊಡ್ಡಾಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಎರಡು ಗಂಟೆ ಕಾದ ಮೇಲೆ ಒಳಗೆ ಕರೆದರು. ಮಕ್ಕಳ ನರರೋಗದ ಡಾಕ್ಟರಮ್ಮ, ಚೂಪು ಮೂಗಿನ, ಮಾತು ಕಡಿಮೆಯ ಹೆಂಗಸು. "ರಿಪೋರ್ಟ್ ಏನಾದ್ರೂ ತಂದಿದೀರಾ?" ಎಂದರು. ಗುಂಡಿ ಅತ್ತೆ ಚೀಲದಿಂದ ಅಂಗಿಗಳನ್ನು ತೆಗೆದು ಅವರ ಮೇಜಿನ ಮೇಲೆ ಸಾಲಾಗಿ ಹಾಸಿದಳು. ಫ್ರಿಜ್ ರಿಪೇರಿಯ ಮಗನಿಗೆ ಅವಮಾನವಾಗಿ, "ಅತ್ತೆ, ಸುಮ್ನಿರಿ" ಎಂದು ಪಿಸುಗುಟ್ಟಿದ. ಡಾಕ್ಟರಮ್ಮ ಮೊದಲು ನಕ್ಕರು. ಆಮೇಲೆ ಒಂದು ತೋಳನ್ನು ಕೈಗೆತ್ತಿಕೊಂಡು ನಗು ನಿಲ್ಲಿಸಿದರು.

"ಇದನ್ನ ಗಮನಿಸಿದ್ದು ಯಾರು?"

"ನಾನು. ಒಂಬತ್ತು ದಿನ ತಡ ಮಾಡ್ಬಿಟ್ಟೆ."

"ಒಂಬತ್ತು ತಿಂಗಳು ತಡ ಮಾಡಿ ಬರೋರೇ ಜಾಸ್ತಿ ಅಮ್ಮ."

ಅವರು ಮಗುವನ್ನು ಮಲಗಿಸಿ, ಕೈಹಿಡಿದು ಮೆಲ್ಲಗೆ ಕೂರಿಸಿ, ಪಕ್ಕಕ್ಕೆ ವಾಲಿಸಿ, ಬೆರಳು ಬಿಡಿಸಿ, ಪಾದ ಮಡಿಸಿ ನೋಡಿದರು. ಪ್ರತಿಯೊಂದಕ್ಕೂ ಹಾಳೆಯ ಮೇಲೆ ಅಂಕ ಬರೆದರು. ಮಗು ಮಲಗಿ ಆಡುವುದನ್ನು ಫೋನಿನಲ್ಲಿ ವೀಡಿಯೋ ಮಾಡಿಕೊಂಡರು. ಎರಡು ದಿನ ಬಿಟ್ಟು ತಲೆಯ ಸ್ಕ್ಯಾನ್ ಆಯಿತು. ಅದರ ವರದಿ ಬಂದ ದಿನ ಎಲ್ಲರನ್ನೂ ಕೂರಿಸಿಕೊಂಡು ನೇರವಾಗಿ ಹೇಳಿದರು. ಹುಟ್ಟುವ ಮೊದಲೋ, ಹುಟ್ಟುವ ಹೊತ್ತಿಗೋ ಮಿದುಳಿನ ಎಡಭಾಗದ ಒಂದು ಕಡೆ ರಕ್ತ ಹರಿಯದೆ ಪೆಟ್ಟಾಗಿದೆ. ಎಡ ಮಿದುಳು ನಡೆಸುವುದು ಬಲಗೈ, ಬಲಗಾಲನ್ನು. ಇದಕ್ಕೆ ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಹೆಸರನ್ನು ಇವತ್ತೇ ಮುದ್ರೆ ಒತ್ತಿ ಕೊಡುವುದಿಲ್ಲ, ಸಾಧ್ಯತೆ ತುಂಬ ಹೆಚ್ಚಿದೆ ಎಂದಷ್ಟೇ ಹೇಳುತ್ತೇನೆ. ಚಿಕಿತ್ಸೆ ಶುರುಮಾಡಲು ಹೆಸರಿಗಾಗಿ ಕಾಯಬೇಕಾಗಿಲ್ಲ.

ಮಾಸ್ಟರ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. "ಡಾಕ್ಟ್ರೇ, ಇದು ನಮ್ಮ ಕಡೆಯಿಂದ ಬಂತಾ? ನಮ್ಮ ಎಡಗೈ ರಕ್ತದಿಂದ?"

"ಇಲ್ಲ. ಎಡಚರಾಗಿರೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನೀವು ಮಾಡಿದ್ದಲ್ಲ, ಅಮ್ಮ ಮಾಡಿದ್ದಲ್ಲ, ಯಾರೂ ಮಾಡಿದ್ದಲ್ಲ. ಆದ್ರೆ ಒಂದು ಮಾತು ನೆನಪಿಟ್ಕೊಳ್ಳಿ. ಎಡಚ ಮಕ್ಕಳೂ ವರ್ಷ ತುಂಬೋವರೆಗೆ ಸಾಮಾನ್ಯವಾಗಿ ಎರಡೂ ಕೈ ಆಡಿಸ್ತಾರೆ. ಅದಕ್ಕಿಂತ ಮೊದಲೇ ಮಗು ಒಂದೇ ಕೈ ಹಿಡಿದ್ರೆ, ಇನ್ನೊಂದು ಕೈಗೆ ಏನಾಗಿದೆ ಅಂತ ಕೇಳ್ಬೇಕು."

"ವಾಸಿ ಆಗುತ್ತಾ?" ಎಂದಳು ಸೊಸೆ.

"ಪೂರ್ತಿ ವಾಸಿ ಅಂತ ಸುಳ್ಳು ಹೇಳಲ್ಲ. ಪೆಟ್ಟಾದ ಜಾಗ ಹಾಗೇ ಇರುತ್ತೆ, ದೊಡ್ಡದಾಗಲ್ಲ. ಆದ್ರೆ ಐದೂವರೆ ತಿಂಗಳ ಮಿದುಳು ಇನ್ನೂ ದಾರಿ ಹಾಕ್ತಾ ಇರುತ್ತೆ. ಬಲಗೈಗೆ ಈಗ ಕೆಲಸ ಕೊಟ್ರೆ ಅದಕ್ಕೂ ಒಂದು ದಾರಿ ಬೀಳುತ್ತೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ ಅಂತಾರಲ್ಲ, ಅದು ನಮ್ಮ ವಿಭಾಗದ ಗೋಡೆ ಮೇಲೆ ಬರೆಯೋ ಮಾತು. ಇವಳು ಇನ್ನೂ ಗಿಡ."

ಗುಂಡಿ ಅತ್ತೆ ಅಂಗಿಗಳನ್ನು ಮಡಿಸಿ ಚೀಲಕ್ಕಿಟ್ಟುಕೊಂಡಳು. ಹೊರಗೆ ಬಂದ ಮೇಲೆ ಮಾಸ್ಟರ್ ಅವಳ ಕೈಯಿಂದ ಚೀಲ ತೆಗೆದುಕೊಂಡ. ಕ್ಷಮಿಸು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಅವಳು ಕಾಯಲೂ ಇಲ್ಲ.

ಫಿಜಿಯೋಥೆರಪಿಯ ಹುಡುಗಿ ಹೇಳಿಕೊಟ್ಟದ್ದು ಕೇಳುವುದಕ್ಕೆ ಸುಲಭ. ದಿನಕ್ಕೆ ಅರ್ಧ ಗಂಟೆ, ಮಗು ಖುಷಿಯಾಗಿ ಎಚ್ಚರವಿರುವಾಗ, ಚೆನ್ನಾಗಿರುವ ಎಡಗೈಗೆ ಮೆತ್ತನೆಯ ಕೈಗವಸು ಹಾಕಬೇಕು. ಆಟದ ಸಾಮಾನನ್ನೆಲ್ಲ ಬಲಗಡೆಗೆ ಇಡಬೇಕು. ಎಡಗೈಗೆ ಬಿಡುವು ಸಿಕ್ಕರೆ ಬಲಗೈಗೆ ಕೆಲಸ ಬೀಳುತ್ತದೆ. "ಕೈಗವಸು ಅಂಗಡೀಲಿ ಸಿಗುತ್ತೆ" ಎಂದಳು.

"ನಾನು ಟೈಲರ್ ಅಮ್ಮ" ಎಂದ ಮಾಸ್ಟರ್.

ಅವತ್ತು ಅವನು ಅಪ್ಪನ ಎಡಗೈ ಕತ್ತರಿಯಿಂದ, ತಾನು ಬೀದಿಗೆಲ್ಲ ಸಾರಿದ್ದ ಎಡಗೈಯನ್ನು ಮುಚ್ಚುವ ಬಟ್ಟೆ ಕತ್ತರಿಸಿದ. ಮೂರು ಬೆರಳಗಲದ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಅತ್ತೆ ತನ್ನ ಕುರ್ಚಿಯಲ್ಲಿ ಕೂತು, ನೋಡದವಳ ಹಾಗೆ ಕಾಜಾ ಹೊಲಿಯುತ್ತಿದ್ದಳು. ಕತ್ತರಿಯ ಸದ್ದು ಎರಡು ಸಲ ನಿಂತು ಮತ್ತೆ ಶುರುವಾದದ್ದು ಅವಳಿಗೆ ಕೇಳಿಸಿತು.

ಆದರೆ ಟೈಲರ್ ಟೈಲರೇ. ಅಂದಗೆಟ್ಟ ವಸ್ತುವನ್ನು ಹೊಲಿದು ಅವನಿಗೆ ಅಭ್ಯಾಸವಿಲ್ಲ. ಕೈಗವಸಿಗೆ ಹಳದಿ ಬಟ್ಟೆ, ಕೆಂಪು ದಾರದಲ್ಲಿ ಕಣ್ಣು, ಕಪ್ಪು ದಾರದಲ್ಲಿ ಮೀಸೆ, ಎರಡು ಕಿವಿ. ಅಪ್ಪಟ ಬೆಕ್ಕು. ಚಿಕ್ಕ ಮಾಸ್ಟರ್ ಅದನ್ನು ತೊಟ್ಟು ಎಷ್ಟು ಮರುಳಾದಳು ಎಂದರೆ ಅರ್ಧ ಗಂಟೆಯೂ ಎಡಗೈಯ ಬೆಕ್ಕನ್ನೇ ನೋಡುತ್ತಾ, ಅದರ ಕಿವಿ ಚೀಪುತ್ತಾ ಕಳೆದಳು. ಬಲಗಡೆ ಇಟ್ಟ ಆಟಿಕೆಗಳತ್ತ ತಿರುಗಿಯೂ ನೋಡಲಿಲ್ಲ. ಒಂದು ವಾರ ಹೀಗೇ ಹೋಯಿತು. ಥೆರಪಿಯ ಹುಡುಗಿ ನೋಡಿ ಹಣೆ ಚಚ್ಚಿಕೊಂಡಳು.

"ಅಜ್ಜ, ಇಷ್ಟು ಚಂದ ಮಾಡಿದ್ರೆ ಹೇಗೆ? ಇದು ಬೋರಾಗಿರ್ಬೇಕು. ಚಂದದ್ದೆಲ್ಲ ಬಲಗೈಗೆ."

"ನಲವತ್ತು ವರ್ಷದ ಅನುಭವ, ಕೆಟ್ಟದಾಗಿ ಹೊಲಿಯೋಕೆ ಬರಲ್ವಲ್ಲಮ್ಮ" ಎಂದ ಮಾಸ್ಟರ್ ದೈನ್ಯದಿಂದ.

"ಹೋದ ತಿಂಗಳು ಮೂವರ ಪ್ಯಾಂಟು ಹೊಲಿದ್ಯಲ್ಲ, ಹಾಗೇ ಹೊಲಿ" ಎಂದಳು ಅಕ್ಕ. ಆಸ್ಪತ್ರೆಗೆ ಕಾಲಿಟ್ಟ ಮೇಲೆ ಆ ಮನೆಯವರು ಮೊದಲ ಸಲ ನಕ್ಕದ್ದು ಅಂದು.

ಎರಡನೇ ಕೈಗವಸು ಬೂದಿ ಬಣ್ಣದ್ದು, ಮುಖವಿಲ್ಲದ್ದು. ಬೆಕ್ಕು ಬಲಗಡೆಗೆ ವರ್ಗವಾಯಿತು. ಅಂಗಿಗಳ ಬಲತೋಳಿನ ಅಂಚಿಗೆಲ್ಲ ಮಾಸ್ಟರ್ ಕೆಂಪು ಪಟ್ಟಿ ಕೊಟ್ಟು ಭದ್ರವಾಗಿ ಹೊಲಿದ. ಗುಂಡಿ ಮಾತ್ರ ಹಚ್ಚಲು ಅತ್ತೆ ಬಿಡಲಿಲ್ಲ, ಕಿತ್ತರೆ ನೆಟ್ಟಗೆ ಗಂಟಲಿಗೆ ಎಂದಳು.

ಆಮೇಲಿನ ತಿಂಗಳುಗಳನ್ನು ಸಕ್ಕರೆ ಹಾಕಿ ಹೇಳುವ ಅಗತ್ಯವಿಲ್ಲ. ಮಗು ಕೆಲವು ದಿನ ಕೈಗವಸು ಕಂಡರೇ ರಂಪ ಮಾಡುತ್ತಿತ್ತು. ಆಗ ಬಿಚ್ಚಿ, ಎತ್ತಿಕೊಂಡು, ಸಮಾಧಾನ ಮಾಡಿ, ಮತ್ತೆ ಹಾಡಿ ಆಡಿಸಿ ಶುರುಮಾಡಬೇಕು. ಇನ್ಮೇಲೆ ಹಿಡ್ಕೊಳಲ್ಲ ಎಂದು ಕೊಟ್ಟ ಮಾತು ಅತ್ತೆಗೆ ದಿನವೂ ನೆನಪಾಗುತ್ತಿತ್ತು. ಸೊಸೆ ಕೆಲಸ ಅರ್ಧ ದಿನಕ್ಕೆ ಇಳಿಸಿಕೊಂಡಳು. ಮಗ ಕೆಟ್ಟ ಫ್ರಿಜ್ಜೊಂದರ ಬಾಗಿಲನ್ನು ಮಗುವಿನ ಎತ್ತರಕ್ಕೆ ನಿಲ್ಲಿಸಿ, ಅದಕ್ಕೆ ಅಂಟುವ ಆಟಿಕೆಗಳನ್ನು ಬಲಗಡೆ ಜೋಡಿಸಿದ. ಒಂದು ತಿಂಗಳು ಏನೂ ಆಗಲಿಲ್ಲ. ಎರಡನೇ ತಿಂಗಳು ಹೆಬ್ಬೆರಳು ಹೊರಗೆ ಬಂತು, ಮರುವಾರ ಮತ್ತೆ ಒಳಗೆ ಹೋಯಿತು. ಅತ್ತೆ ಪ್ರತಿದಿನ ಸಂಜೆ ಅಂಗಿ ಬಿಚ್ಚಿದ ಮೇಲೆ ಬಲತೋಳಿನ ಕೆಂಪು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಪ್ರತಿದಿನವೂ ಅದು ಒಣಗಿ ಶುಭ್ರವಾಗಿರುತ್ತಿತ್ತು. ಚೊಕ್ಕಟವಾದ ಬಟ್ಟೆಯನ್ನು ಅವಳು ಜೀವಮಾನದಲ್ಲಿ ಅಷ್ಟು ದ್ವೇಷಿಸಿರಲಿಲ್ಲ.

ಮಗುವಿನ ಹನ್ನೊಂದನೇ ತಿಂಗಳಿನಲ್ಲಿ ಒಂದು ಬೆಳಿಗ್ಗೆ, ಅಂಗಡಿ ತೆರೆದು ಸ್ವಲ್ಪ ಹೊತ್ತಾಗಿತ್ತು. ಮಾಸ್ಟರ್ ಒಬ್ಬ ಗಿರಾಕಿಯ ಭುಜದ ಅಳತೆ ತೆಗೆಯುತ್ತಿದ್ದ. ಸೊಸೆ ಮೇಲಿನಿಂದ ಮೆಟ್ಟಿಲು ಇಳಿದು ಓಡುತ್ತಲೇ ಬಂದಳು. ಕಂಕುಳಲ್ಲಿ ಮಗು, ಕೈಯಲ್ಲೊಂದು ಒದ್ದೆ ಅಂಗಿ.

"ಅತ್ತೆ, ಇಲ್ನೋಡಿ. ಇಲ್ನೋಡಿ ಅತ್ತೆ!"

ಗುಂಡಿ ಅತ್ತೆ ಕನ್ನಡಕ ಸರಿಮಾಡಿಕೊಂಡು ಅಂಗಿಯನ್ನು ಕಿಟಕಿಗೆ ಹಿಡಿದಳು. ಬಲತೋಳು. ಕೆಂಪು ಪಟ್ಟಿ ಜೊಲ್ಲಿನಿಂದ ತೊಯ್ದು ಮುದ್ದೆಯಾಗಿತ್ತು. ಅಂಚಿನಲ್ಲಿ ಎರಡು ಹೊಸ ಹಲ್ಲುಗಳ ಗುರುತು. ಹೊಲಿಗೆ ಕಿತ್ತು ಪಟ್ಟಿಯ ಒಂದು ತುದಿ ಜೋತಾಡುತ್ತಿತ್ತು.

"ಯಾರೂ ಕೈ ಎತ್ತಿ ಕೊಡ್ಲಿಲ್ಲ ತಾನೇ?"

"ಯಾರೂ ಇಲ್ಲ. ನಾನು ಆ ಕಡೆ ತಿರುಗಿ ಹಾಸಿಗೆ ಮಡಿಸ್ತಿದ್ದೆ. ತಿರುಗಿ ನೋಡಿದ್ರೆ ಬಲಗೈ ಬಾಯಲ್ಲಿದೆ!"

ಮಾಸ್ಟರ್ ಗಿರಾಕಿಯ ಕೊರಳಲ್ಲೇ ಟೇಪು ಬಿಟ್ಟು ಬಂದ. ಅಂಗಿಯನ್ನು ತೆಗೆದುಕೊಂಡು, ಹಲ್ಲಿನ ಗುರುತಿನ ಮೇಲೆ ಬೆರಳಿಟ್ಟು, ನಿಂತಲ್ಲೇ ಗಳಗಳನೆ ಅತ್ತುಬಿಟ್ಟ. ಕೊರಳಲ್ಲಿ ಟೇಪು ನೇತುಹಾಕಿಕೊಂಡ ಗಿರಾಕಿ ಏನೂ ತಿಳಿಯದೆ, "ಏನಾಯ್ತು ಮಾಸ್ಟರ್, ಬಟ್ಟೆ ಹಾಳಾಯ್ತಾ?" ಎಂದ.

"ಹಾಳಾಯ್ತು ಸಾರ್, ಪೂರ್ತಿ ಹಾಳಾಯ್ತು!" ಎಂದು ಮಾಸ್ಟರ್ ಅಳುತ್ತಲೇ ನಕ್ಕ.

ಮಗುವಿನ ಬಲಗೈ ಮುಂದೆಯೂ ಎಡಗೈಯಷ್ಟು ಚುರುಕಾಗುವುದಿಲ್ಲ, ಬಲಗಾಲಿಗೆ ಪಟ್ಟಿ ಕಟ್ಟಿ ನಡೆಸಬೇಕಾಗಬಹುದು ಎಂದು ಡಾಕ್ಟರಮ್ಮ ಹೇಳಿದ್ದು ಎಲ್ಲರಿಗೂ ನೆನಪಿತ್ತು. ಆದರೂ ಆ ತೋಳಿನೊಳಗೆ ಒಂದು ಕೈ ಇದೆ, ಅದಕ್ಕೆ ಬಾಯಿಯ ದಾರಿ ಗೊತ್ತಾಗಿದೆ. ಮಾಸ್ಟರ್ ಮೂಗೊರೆಸಿಕೊಂಡು, ತನ್ನ ಹಳದಿಗಟ್ಟಿದ ಅಂಗಿಗೆ ಜೊತೆಯಾಗಲಿ ಎಂದು ಆ ಅಂಗಿಯನ್ನು ಮಡಿಸಿ ಬಿಸ್ಕತ್ತಿನ ಡಬ್ಬದ ಮುಚ್ಚಳ ತೆಗೆದ.

"ಹೊಲೀಬೇಡ ಅಕ್ಕ. ಇದನ್ನ ಹೀಗೇ ಇಟ್ಕೊಳ್ಳೋಣ."

ಗುಂಡಿ ಅತ್ತೆ ಆಗಲೇ ಸೂಜಿಗೆ ಕೆಂಪು ದಾರ ಹಾಕಿದ್ದಳು. ಅವನ ಕೈಯಿಂದ ಅಂಗಿಯನ್ನು ಕಿತ್ತುಕೊಂಡು ತೊಡೆಯ ಮೇಲೆ ಹಾಸಿಕೊಂಡಳು.

"ಇಟ್ಕೊಂಡು ಏನ್ ಮಾಡ್ತೀಯ? ಹೊಲಿದು ಕೊಡ್ತೀನಿ. ನಾಳೆ ಮತ್ತೆ ಹರೀಬೇಕಲ್ಲ ಅವಳು."